ಬೇಲಿ ಸವರಿದ ಮೇಲೆ

ಯಾದವಗಿರಿಯ ಹಿತ್ತಿಲು. ಸವರಿದ ಬೇಲಿಯ ಸೊಪ್ಪನ್ನೆಲ್ಲ
ಈರನಗೆರೆ ಬದನೆಯ ಬುಡಕ್ಕೆ ಹೊದಿಸಿದೆ,
ನೆಲ ತಂಪಾಗಿರಲಿ ಎಂದು.

ದೇವೀರಮ್ಮ ಹಾಲಿನ ಕ್ಯಾನು ಕೆಳಗಿಟ್ಟಳು:
‘ಅಯ್ಯೋ, ಇದ್ರಾಗೆ ಕಣಗ್ಲೆ ಐತಲ್ಲವ್ವಾ!
ನಮ್ಮ ಮೇಕೆ ಒಂದೇ ಬಾಯಿ ತಿಂದಿದ್ದು.
ಸಂಜೆಗೆ ಕಾಲು ಚಾಚ್ತು.’

ಕೂತು ಆಯತೊಡಗಿದೆವು.
ನರ್ಸರಿಯವ ಡುರಾಂಟ ಅಂದದ್ದು
ಅವಳ ಬಾಯಲ್ಲಿ ದುರಂತ:
‘ದುರಂತ ಇರ್ಲಿ ಬುಡಿ, ಈ ಉದ್ದೆಲೆ ತೆಗೀರಿ.’
ಬಾಡಿದ್ದಕ್ಕೆಲ್ಲ ಒಂದೇ ಬಣ್ಣ,
ಅರ್ಧಕ್ಕರ್ಧ ಅಂದಾಜು.

ಬೆಳಿಗ್ಗೆ ಇದೇ ಗಿಡದ ಹೂವು ಕಿತ್ತು
ದೇವರ ತಲೆಗಿಟ್ಟ ಬೆರಳು.
ಮೂಸಿ ನೋಡಿದೆ. ಬರೀ ಹಸಿರು.

ಸೊಪ್ಪಿನಡಿ ಒಂದು ಎರೆಹುಳು
ನಮ್ಮ ಮಾತಿಗೆ ಸೇರದೆ
ಮಣ್ಣೊಳಕ್ಕೆ ಜಾರಿತು.

ಬದನೆ ಇನ್ನೂ ನೀಲಿ ಹೂವಲ್ಲಿದೆ.
ಎಣ್ಣೆಗಾಯಿಗೆ ತಿಂಗಳಿದೆ.
‘ಮೊದಲ ತುತ್ತು ನೀವೇ ತಿನ್ನಿ’ ಎಂದು
ನಗುತ್ತಾ ಕ್ಯಾನು ಎತ್ತಿಕೊಂಡಳು.