ಹದಿನೇಳನೆಯ ಪ್ರಶ್ನೆ

ಲಿಶಿಂಗಾದಲ್ಲಿ ಇವತ್ತೂ ಕರೆಂಟಿಲ್ಲ.
ಮೇಣದ ಬತ್ತಿ, ನಲವತ್ತನೆಯ ಉತ್ತರಪತ್ರಿಕೆ.
ಜೀವಕೋಶ, ಹಾರ್ಮೋನು, ಗ್ರಾಹಕ, ಬೀಗದೊಳಗೆ ಕೀಲಿ:
ಎಲ್ಲರದೂ ಒಂದೇ ಉರು. ಸರಿ, ಸರಿ, ಅರ್ಧ.

ಹದಿನೇಳು. ಪ್ರಾಣಿಗಳ ನಡುವಣ ಸಂಕೇತಕ್ಕೆ ಉದಾಹರಣೆ ಕೊಡಿ.
ಉತ್ತರಸೂಚಿಯಲ್ಲಿ ಜೇನ್ನೊಣದ ಕುಣಿತ, ಎರಡು ಅಂಕ.
ಇಸ್ಸುಫೊ ಬರೆದಿದ್ದಾನೆ:

ನಮ್ಮಪ್ಪ ಕಾಡಲ್ಲಿ ಬ್ರ್ರ್ರ್-ಹ್ಮ್ ಅಂತಾನೆ.
ಸೆಗೊ ಹಕ್ಕಿ ಬರುತ್ತೆ,
ಮರದಿಂದ ಮರಕ್ಕೆ ಕರಕೊಂಡು ಹೋಗುತ್ತೆ
ಹುಟ್ಟು ಸಿಗೋವರೆಗೆ.
ತುಪ್ಪ ನಮಗೆ, ಮೇಣ ಅದಕ್ಕೆ.
ಗ್ರಾಹಕ ಎಲ್ಲಿದೆ ಗೊತ್ತಿಲ್ಲ ಟೀಚರ್,
ಹಕ್ಕಿಯೊಳಗೋ
ಅಪ್ಪನೊಳಗೋ.

ಕೆಂಪು ಪೆನ್ನು ಎತ್ತಿದವಳು
ಹಾಗೇ ಕೂತೆ. ಮಪುಟೊದಲ್ಲಿ ಓದಿದವಳು ನಾನು,
ಚಿನ್ನದ ಪದಕ ಪೆಟ್ಟಿಗೆಯಲ್ಲಿದೆ.
ಎದ್ದು ಕಿಟಕಿ ಮುಚ್ಚಿದೆ,
ಯಾರೂ ಇಲ್ಲವೆಂದು ನೋಡಿಕೊಂಡು
ತುಟಿ ಅದುರಿಸಿದೆ: ಬ್ರ್ರ್ರ್...

ಬತ್ತಿ ಆರಿತು.
ಹ್ಮ್ ಬರಲೇ ಇಲ್ಲ.