ಸದರಿ ಇಸಮು

ವಕೀಲರು ಸೂರಾಲು ಸಾಂತಪ್ಪಯ್ಯನವರ ಬಳಿ
ಇಪ್ಪತ್ತೆರಡು ವರ್ಷ ಗುಮಾಸ್ತನಾಗಿದ್ದೆ.
ಬಾವುಟಗುಡ್ಡೆಯ ಏರಿನಲ್ಲಿ ಅವರು ಮುಂದೆ,
ಕಡತದ ಗಂಟು ಹೊತ್ತು ನಾನು ಹಿಂದೆ,
ನಡುವೆ ಅವರ ಉಬ್ಬಸ.

ಮೂಲಗೇಣಿ, ಚಾಲಗೇಣಿ, ಅಳಿಯಸಂತಾನದ ಪಾಲುಪಟ್ಟಿ,
ಒಂದು ಹಲಸಿನ ಮರಕ್ಕೆ ಹನ್ನೊಂದು ವಾಯಿದೆ.
ಗೆದ್ದವರು ಬಾಳೆಗೊನೆ ತರುತ್ತಿದ್ದರು.
ಸೋತವರೂ ತರುತ್ತಿದ್ದರು, ಸ್ವಲ್ಪ ಸಣ್ಣದು.

ಬೆಂಗರೆಯ ದಾರು ಏನೂ ತರಲಿಲ್ಲ.
ಅಳಿವೆಯ ಕೆಸರು ಕೆರೆದು, ಮಡಕೆಯಲ್ಲಿ ಕಾಸಿ
ಒಂದು ಬೊಗಸೆ ಉಪ್ಪು ತೆಗೆದಿದ್ದಳು,
ಸರಕಾರದ್ದೇ ಉಪ್ಪಿನ ಕೋಟಾರು ಇರುವಾಗ!
ಪೇದೆ ಮಡಕೆ ಒಡೆದ,
ಚೂರುಗಳನ್ನೇ ಸಾಕ್ಷಿಗೆ ತಂದ.
ಒಂದು ತಾಸು ವಾದಿಸಿ ಸೋತರು ನಮ್ಮವರು.
ದಂಡದ ಮೂರು ರೂಪಾಯಿ ತಮ್ಮ ಕಿಸೆಯಿಂದಲೇ ಕಟ್ಟಿ
'ಲೆಕ್ಕದಲ್ಲಿ ಬರೆಯಬೇಡ' ಎಂದರು.
ಬರೆಯಲಿಲ್ಲ. ಕೈ ಮಾತ್ರ ತುರಿಸಿತು.

ಚೆನ್ನಪಟ್ಟಣದ ಶಾಸನಸಭೆಗೆ ಆರಿಸಿ ಹೋದ ವರ್ಷ
ದೋಣಿಯಿಂದ ಹಡಗಿಗೆ ಹತ್ತುವಾಗ
ಎಡಗಾಲಿನ ಜೋಡು ನೀರಿಗೆ ಬಿತ್ತು.
ಕಲ್ಲಿಕೋಟೆಯವರೆಗೆ ಒಂಟಿ ಜೋಡು, ಮುಂದೆ ರೈಲು.
ಎರಡು ವರ್ಷ ಕೂತರು ಆ ಸಭೆಯಲ್ಲಿ.
ಕೇಳಿದ್ದು ನಾಲ್ಕು ಪ್ರಶ್ನೆ.
ಮೂರು, ದೊಡ್ಡವರು ಕೇಳಿಸಿದ್ದು.
ಇನ್ನೊಂದು ಉಪ್ಪಿನದು.

ಅಚ್ಚಾದ ಪುಸ್ತಕ ಟಪಾಲಿನಲ್ಲಿ ಬಂದ ದಿನ
ಮರುವಾಯಿ ಮಾರಲು ಬಂದಿದ್ದಳು ದಾರು.
ಬುಟ್ಟಿ ಇಳಿಸಿ ನಿಂತಳು. ತುಳುವಿನಲ್ಲಿ ಓದಿ ಹೇಳಿದರು:
'ಜಿಲ್ಲೆಯ ಒಬ್ಬ ಇಸಮು
ಸ್ವಂತ ಗಂಜಿಗೆಂದು ಉಪ್ಪು ಕಾಸಿದ್ದಕ್ಕೆ, ಸದರಿ ಇಸಮಿಗೆ…'
ಉತ್ತರ: 'ಸರಕಾರ ಮಾಹಿತಿ ತರಿಸಿಲ್ಲ.
ತರಿಸುವ ಉದ್ದೇಶವೂ ಇಲ್ಲ.'

'ಇದರಲ್ಲಿ ನಾನೆಲ್ಲಿ?'
'ಆ ಇಸಮು ನೀನೇ.'
'ಅಷ್ಟು ದೂರ ಹೋಗಿ ನನ್ನ ಹೆಸರು ಹೇಳಲಿಲ್ಲವಾ ಒಡೆಯರೇ?'
ಜಡ್ಜುಗಳೆದುರು ಎಂದೂ ತಡವರಿಸದವರು
ಅಡಕತ್ತರಿ ಹುಡುಕತೊಡಗಿದರು.
ಅದು ಅವರ ಕೈಯಲ್ಲೇ ಇತ್ತು.

(ಇಸಮು ಅಂದರೆ ಅರಬರ ಮಾತಿನಲ್ಲಿ ಹೆಸರು ಅಂತಲೇ ಅರ್ಥ,
ಬಂದರಿನ ಮುನ್ಷಿ ಹೇಳಿ ನಕ್ಕಿದ್ದ ಒಮ್ಮೆ.)

ಅವರು ತೀರಿಕೊಂಡ ಮೇಲೆ
ಕಪಾಟು ಖಾಲಿ ಮಾಡಿದ ಅಳಿಯನ ಹತ್ತಿರ
ಆ ಒಂದು ಪುಸ್ತಕ ಕೇಳಿ ತಂದೆ.
ನೂರಾ ಹದಿನಾಲ್ಕನೆಯ ಪುಟದ ಅಂಚಿನಲ್ಲಿ
ಕೋಳಿ ಕೆದರಿದಂಥ ಅವರ ಅಕ್ಷರ.
ಓದಬಲ್ಲವನು ಈಗ ನಾನೊಬ್ಬನೇ:

'ದಾರು, ಬೆಂಗರೆ.
ಮಡಕೆಯ ಬಾಬ್ತು ಎರಡಾಣೆ, ಬಾಕಿ.'

ಕೊಟ್ಟರೋ ಇಲ್ಲವೋ,
ನನ್ನ ಲೆಕ್ಕದಲ್ಲಿಲ್ಲ.