ಚೌಳು

ಆ ಅಲ್ಯುಮಿನಿಯಂ ಬೋಗುಣಿ ಬೇಡ, ತಸ್ಲೀಮ.
ತಳ ಜರಡಿಯಾಗಿದೆ ನೋಡು.
ಮೊದಲ ಸಲ ಅದಕ್ಕೇ ಸೋಡ ಸುರಿದವಳು ನಾನು,
ಬುಸ್ಸೆಂದದ್ದಕ್ಕೆ ಹಾವೆಂದು ಬೀದಿಗೋಡಿದ್ದೆ.
ಸ್ಟೀಲಿನದು ತಗೋ. ನೀರು ಮೊದಲು.
ನೀರಿಗೆ ಸೋಡ, ಸೋಡಕ್ಕೆ ನೀರಲ್ಲ,
ಮರೆತರೆ ಮುಖಕ್ಕೇ ಹಾರುತ್ತದೆ.
ಒಲೆಯಿಲ್ಲದೆ ಹೇಗೆ ಕಾಯಿತು, ಹೊರಗಿನಿಂದ ಮುಟ್ಟಿ ನೋಡು.
ಆರಲಿ.

ಎಣ್ಣೆ, ಅರಸೀಕೆರೆ ಹರಾಜಿನಲ್ಲಿ
ಯಾರೂ ಕೂಗದ ಕೊಬ್ಬರಿಯದು. ಕಮಟು.
ಸಾರಿಗಾಗದ್ದು ಸಾಬೂನಿಗಾಗುತ್ತದೆ.
ಕೇಜಿಗೆ ನೂರ ಎಪ್ಪತ್ತನಾಲ್ಕು ಗ್ರಾಂ ಅಂತ
ನೀನು ಬಂದು ಗೋಡೆಗೆ ಇದ್ದಲಲ್ಲಿ ಬರೆದೆ.
ಅದಕ್ಕೆ ಮುಂಚೆ ನನ್ನದು ಕೈಯಂದಾಜು,
ಅರ್ಧ ಬೀದಿಯ ಅಂಗೈ ಸುಲಿದಿತ್ತು.

ಈಗ ತಿರುವು. ಅಂಬಲಿ ಹದ ಬರಬೇಕು,
ಸೌಟಿನಿಂದ ಬಿದ್ದ ಗೆರೆ
ಒಂದು ಉಸಿರಿನಷ್ಟು ಹೊತ್ತು ಮೇಲೇ ನಿಲ್ಲಬೇಕು.

ನಮ್ಮಪ್ಪನಿಗೆ ಸೋಡ ಗೊತ್ತಿರಲಿಲ್ಲ.
ಬಾಣಾವರದ ದಾರಿಯಲ್ಲಿ ಹುಲ್ಲೂ ಹುಟ್ಟದ ಒಂದು ತುಂಡು ನೆಲ,
ಬೇಸಗೆಯ ಬೆಳಗಿಗೆ ಬೆಳ್ಳಗೆ ಉಬ್ಬುತ್ತಿತ್ತು ಚೌಳು.
ಕತ್ತೆ ಹೊಡೆದುಕೊಂಡು ಹೋಗಿ ಗೋರಿ ತರುತ್ತಿದ್ದ,
ಅದರ ನೀರಲ್ಲಿ ಅದ್ದಿ, ರಾತ್ರಿಯಿಡೀ ಉಬ್ಬೆ.
ಅಂಚಿನಲ್ಲಿ ಕರಿಗೇರಿನ ಚುಕ್ಕಿ, ಮನೆಗೊಂದು ಗುರುತು.
ಯಾವ ಮನೆಯ ಹುಡುಗಿ ನೆರೆದಳು,
ಯಾವ ಮನೆಯ ಬಸಿರು ಇಳಿಯಿತು,
ಊರಿಗಿಂತ ಮೊದಲು ಅವನಿಗೆ ಗೊತ್ತು.
ಬಾಯಿ ಬಿಟ್ಟವನಲ್ಲ.
ಮಡಿ ಮಾಡಿ ತಂದ ಸೀರೆ ಒಳಗೆ ಹೋಗುತ್ತಿತ್ತು,
ಅವನು ಜಗಲಿಯ ಕೆಳಗೆ.

ನಿನ್ನೆ ನೀನು ಹೇಳಿದೆಯಲ್ಲ,
ಸಾಬೂನಿನ ಕಣಕ್ಕೆ ಒಂದು ತಲೆ, ಒಂದು ಬಾಲ,
ತಲೆಗೆ ನೀರಿನ ಆಸೆ, ಬಾಲಕ್ಕೆ ಜಿಡ್ಡಿನದು,
ನಡುವೆ ನಿಂತು ಎರಡನ್ನೂ ಬಿಡದೆ
ಕೊಳೆ ಹೊತ್ತುಕೊಂಡು ಹೋಗುತ್ತದೆ ಅಂತ.
ರಾತ್ರಿ ನಿದ್ದೆ ಹತ್ತಲಿಲ್ಲ ನನಗೆ.
ಆ ಪುಸ್ತಕದಲ್ಲಿ ಕತ್ತೆಯ ಚಿತ್ರವೂ ಇತ್ತೇನೇ?

ಇನ್ನೊಂದು. ಯಾರಾದರೂ ವಾಪಸು ತಂದು
ನೊರೆಯಿಲ್ಲ ಅಂದರೆ ಜಗಳಕ್ಕಿಳಿಯಬೇಡ.
ಬೋರಿನ ನೀರು ಗಡಸು, ಸುಣ್ಣ ಜಾಸ್ತಿ,
ಸಾಬೂನು ಅದರ ಕೈಹಿಡಿದು ಒಡೆದ ಹಾಲಾಗುತ್ತದೆ,
ಬಕೀಟಿನ ಸುತ್ತ ಬೂದುಗೆರೆ.
ಹೇಮಾವತಿ ನಲ್ಲಿಗೆ ಬಂದ ದಿನ ಉಜ್ಜಿ ನೋಡಿ ಅನ್ನು.
ನೀರನ್ನು ಯಾರೂ ಬೈಯುವುದಿಲ್ಲ.

ತಿಂಗಳು ಒಣಗಿದ ಮೇಲೆ ನಾಲಿಗೆಯ ತುದಿಗೆ ತಾಗಿಸು.
ಚುರ್ರೆಂದರೆ ಸೋಡ ಇನ್ನೂ ಒಂಟಿಯಾಗಿದೆ.
ಸುಮ್ಮನಿದ್ದರೆ ಮಾರು.

ಅಚ್ಚಿಗೆ ಏನು ಗುರುತು ಅಂದೆಯಾ?
ಊರಿನ ಮನೆಮನೆಯದೂ ಬಾಯಿಪಾಠ ಇದೆ ನನಗೆ,
ಮೂರು ಚುಕ್ಕಿ ಪಟೇಲರದು, ಕೊಕ್ಕೆ ಶ್ಯಾನುಭೋಗರದು.
ನಮ್ಮ ಬಟ್ಟೆಗೆ ಅಪ್ಪ ಏನೂ ಹಾಕುತ್ತಿರಲಿಲ್ಲ.
ಯೋಚಿಸೋಣ.

ಕೈ ನಿಲ್ಲಿಸಿದೆಯಲ್ಲೇ! ತಿರುವು, ತಿರುವು,
ಗೆರೆ ಇನ್ನೂ ಮುಳುಗುತ್ತಿದೆ.